ಹುಟ್ಟಿದ ಮೇಲೇ ಗೊತ್ತಾಗೋದು

ಆ ಈಜುಕೊಳಕ್ಕೆ ಬರುವ ಮಕ್ಕಳಿಗೆಲ್ಲ ಅವರು ಬೆಂಡು ಮೇಷ್ಟ್ರು. ನೀರಿಗೆ ಬಿದ್ದರೆ ಮುಳುಗುವುದೇ ಗೊತ್ತಿಲ್ಲದ ಮನುಷ್ಯ ಎಂದು ಯಾವುದೋ ಹಳೆಯ ಬ್ಯಾಚಿನ ತುಂಟರು ಇಟ್ಟ ಹೆಸರು. ಆಮೇಲೆ ಬಂದವರು ಅದೇ ಅವರ ನಿಜವಾದ ಹೆಸರು ಅಂದುಕೊಂಡು, ಮನೆಯಲ್ಲೂ ಹಾಗೆಯೇ ಹೇಳಿ, ಕೊನೆಗೆ ಬಾಗಿಲಲ್ಲಿ ಟಿಕೆಟ್ ಹರಿಯುವವನೂ "ಬೆಂಡು ಸಾರ್ ಒಳಗಿದಾರೆ" ಅನ್ನುವಷ್ಟು ಅದು ಗಟ್ಟಿಯಾಗಿತ್ತು. ಮೇಷ್ಟ್ರಿಗೆ ಬೇಸರವೇನೂ ಇರಲಿಲ್ಲ. ಆಳದ ಕಡೆ ಬೆನ್ನ ಮೇಲೆ ತೇಲುತ್ತ, ಹೊಟ್ಟೆಯ ಮೇಲೆ ಕೈ ಕಟ್ಟಿಕೊಂಡು, ಮಂಚದಲ್ಲಿ ಒರಗಿದವರ ಹಾಗೆ ಮಾತಾಡುತ್ತ, ದಡದಲ್ಲಿ ಹಲ್ಲು ಕಟಕಟಿಸುತ್ತ ನಿಂತ ಮಕ್ಕಳಿಗೆ ಧೈರ್ಯ ಹೇಳುವುದು ಅವರ ಪದ್ಧತಿ. "ನೀರಿನ ಜೊತೆ ಕುಸ್ತಿ ಮಾಡ್ಬೇಡ್ರೋ. ಸುಮ್ನೆ ಒರಗಿಕೊಳ್ಳಿ, ಅದೇ ಎತ್ಕೊಳ್ಳುತ್ತೆ."

ಅವರೇನೂ ಹುಟ್ಟಿನಿಂದ ನೀರಿನವರಲ್ಲ. ಅವರ ಅಪ್ಪ ಗೋಡೆಗಳಿಗೆ ಬಣ್ಣ ಬಳಿಯುತ್ತಿದ್ದವರು. ಒಂದು ಮಧ್ಯಾಹ್ನ ಏಣಿಯ ಮೇಲಿಂದ ಬಿದ್ದು ತೀರಿಕೊಂಡಾಗ ಮೇಷ್ಟ್ರು ಇನ್ನೂ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದರು. ಅಮ್ಮ ಅದಕ್ಕೂ ಮೊದಲೇ ಹೋಗಿದ್ದಳು. ರೈಲ್ವೆ ಸ್ಟೇಷನ್ನಿನ ಟಿಕೆಟ್ ಕೌಂಟರಿನಲ್ಲಿ ಆಗಷ್ಟೇ ಕೆಲಸ ಸಿಕ್ಕಿದ್ದ ಅಕ್ಕ ತಮ್ಮನನ್ನು ಸಾಕಿದಳು, ಓದಿಸಿದಳು. ಓದು ತಲೆಗೆ ಹತ್ತದಿದ್ದಾಗ ಬೈದು ಈಜುಕೊಳದ ತೊಳೆಯುವ ಕೆಲಸಕ್ಕೆ ಸೇರಿಸಿದಳು. ಕೊಳ ಖಾಲಿಯಿದ್ದ ಹೊತ್ತಿನಲ್ಲಿ ಗೋಡೆ ಹಿಡಿದುಕೊಂಡು ಕಾಲು ಬಡಿಯುತ್ತ ಬಡಿಯುತ್ತ ಅವರು ಈಜು ಕಲಿತರು. ಪೊರಕೆ ಹಿಡಿದಿದ್ದ ಕೈಗೆ ಕ್ರಮೇಣ ಪೀಪಿ ಬಂತು. ಒಂದು ದಿನವೂ ಜ್ವರವೆಂದು ಮಲಗಿದವರಲ್ಲ. "ಮೈ ಅನ್ನೋದು ಸುಳ್ಳು ಹೇಳಲ್ಲ. ಏನಾದ್ರೂ ಇದ್ರೆ ಅದೇ ಹೇಳುತ್ತೆ" ಎಂಬುದು ಅವರ ಸಿದ್ಧಾಂತ, ಡಾಕ್ಟರ ಮುಖ ನೋಡಿದ್ದು ಕೆಲಸಕ್ಕೆ ಸೇರುವಾಗಿನ ತಪಾಸಣೆಯಲ್ಲಿ ಮಾತ್ರ, ಆಗಲೂ ಆ ಡಾಕ್ಟರು ಇವರ ಎದೆಗಿಂತ ಹೆಚ್ಚು ಹೊತ್ತು ತನ್ನ ಚಹಾ ನೋಡಿದ್ದ.

ಮದುವೆಯಾದದ್ದು ತಡವಾಗಿ, ಕನ್ನಡಕದ ಅಂಗಡಿಯಲ್ಲಿ ಗಾಜು ಅರೆದು ಚೌಕಟ್ಟಿಗೆ ಕೂರಿಸುವ ಹೆಂಗಸನ್ನು. ಮೂರು ಮಹಡಿಯ ಒಂದು ಕಟ್ಟಡದಲ್ಲಿ ಅಕ್ಕ ಕೆಳಗಿನ ಮನೆಯಲ್ಲಿ, ಇವರು ಅದರ ಮೇಲೆ. ವರ್ಷಗಳು ಹೋದರೂ ಮಕ್ಕಳಾಗಲಿಲ್ಲ. ಕಾದು ಕಾದು, ಇನ್ನು ಆ ಮಾತು ಬೇಡ ಎಂದು ಇಬ್ಬರೂ ಬಾಯಿಬಿಟ್ಟು ಹೇಳದೆಯೇ ಒಪ್ಪಂದಕ್ಕೆ ಬಂದಿದ್ದ ಕಾಲದಲ್ಲಿ ಹೆಂಡತಿ ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ನಿಂತಿದ್ದವಳು ಬ್ರಷ್ಷು ಹಿಡಿದುಕೊಂಡೇ ಬಂದು, "ರೀ, ಹೀಗೆ" ಅಂದಳು. ಮೇಷ್ಟ್ರು ಆ ದಿನ ಕೊಳಕ್ಕೆ ಹೋಗಿ ಅಂಗಿ ತೆಗೆಯದೆಯೇ ನೀರಿಗೆ ಧುಮುಕಿದರು ಎಂದು ಪಂಪು ನೋಡಿಕೊಳ್ಳುವವನು ಇವತ್ತಿಗೂ ಹೇಳುತ್ತಾನೆ.

ಐದನೇ ತಿಂಗಳಲ್ಲಿ ಮಗುವಿನ ಅಂಗಾಂಗ ನೋಡುವ ಸ್ಕ್ಯಾನ್ ಇತ್ತು. ಕತ್ತಲೆ ಮಾಡಿದ್ದ ಸಣ್ಣ ಕೋಣೆ, ಗೋಡೆಗೆ ತಾಗಿಸಿದ ಎತ್ತರದ ಮಂಚ, ಅದರ ಪಕ್ಕ ಒಂದು ಪ್ಲಾಸ್ಟಿಕ್ ಸ್ಟೂಲು. ಮೇಷ್ಟ್ರು ಸ್ಟೂಲಿನ ತುದಿಯಲ್ಲಿ ಕೂತರು. ಸ್ಕ್ಯಾನ್ ಮಾಡುವ ಡಾಕ್ಟರಮ್ಮ ತಣ್ಣನೆಯ ಜೆಲ್ಲು ಸುರಿದು, ಹೊಟ್ಟೆಯ ಮೇಲೆ ಕೈ ಆಡಿಸುತ್ತ, ತಲೆ ಇಲ್ಲಿದೆ, ಬೆನ್ನುಮೂಳೆ ಸಾಲಾಗಿದೆ, ಎರಡು ಕಾಲು, ಎರಡು ಕೈ ಎಂದು ಮಾತಾಡಿಕೊಂಡೇ ನೋಡುತ್ತಿದ್ದರು. ಪರದೆಯಲ್ಲಿ ಮೇಷ್ಟ್ರಿಗೆ ಕಂಡದ್ದು ಮಂಜು ಮುಸುಕಿದ ಕಿಟಕಿ. ಆದರೂ ಪ್ರತಿಯೊಂದಕ್ಕೂ "ಹೂಂ, ಹೂಂ, ಕಾಣ್ತು" ಎಂದು ತಲೆಯಾಡಿಸಿದರು.

"ಮಗು ಬೆನ್ನು ಹಾಕಿ ಮಲಗಿದೆ, ಹೃದಯ ಸರಿಯಾಗಿ ಸಿಗ್ತಿಲ್ಲ" ಅಂದರು ಡಾಕ್ಟರಮ್ಮ. "ಅಮ್ಮ, ಒಂದಿಷ್ಟು ಓಡಾಡ್ಕೊಂಡು ಬನ್ನಿ. ಏನಾದ್ರೂ ತಣ್ಣಗೆ ಕುಡೀರಿ."

ಮೇಷ್ಟ್ರಿಗೆ ಇದು ತಮಾಷೆಯಾಗಿಯೇ ಕಂಡಿತು. ಹೊರಗೆ ಉದ್ದ ಜಗಲಿಯಲ್ಲಿ ಹೆಂಡತಿಯ ಜೊತೆ ಹೆಜ್ಜೆ ಹಾಕುತ್ತ, "ಬೆನ್ನೀಜು ಹೊಡೀತಿದೆ ಕಣೆ, ಅಪ್ಪನ ಥರ" ಎಂದರು. ಅವಳು ನಕ್ಕಳು. ತಿರುಗಿ ಒಳಗೆ ಹೋದಾಗ ಮಗು ಹೊರಳಿತ್ತು. ಡಾಕ್ಟರಮ್ಮ ನೋಡಲು ಶುರು ಮಾಡಿದರು. ಮಾತು ನಿಂತುಹೋಯಿತು. ಒಂದೇ ಜಾಗದಲ್ಲಿ ಕೈ ನಿಲ್ಲಿಸುವರು, ಒತ್ತುವರು, ಓರೆ ಮಾಡುವರು, ಗುಂಡಿ ಒತ್ತಿ ಚಿತ್ರ ಹಿಡಿಯುವರು, ಮತ್ತೆ ಅಲ್ಲಿಗೇ ಬರುವರು. ಯಂತ್ರದ ಫ್ಯಾನಿನ ಸದ್ದು ಬಿಟ್ಟರೆ ಇನ್ನೇನೂ ಇಲ್ಲ. ನೀರೊಳಗೆ ಎಷ್ಟು ಹೊತ್ತು ಬೇಕಾದರೂ ಇರಬಲ್ಲ ಮೇಷ್ಟ್ರಿಗೆ ಆ ಸ್ಟೂಲಿನ ಮೇಲೆ ಉಸಿರು ಕಟ್ಟಿತು.

"ಏನ್ ಡಾಕ್ಟ್ರೇ?"

"ಹೃದಯಕ್ಕೆ ನಾಲ್ಕು ಕೋಣೆ ಇರ್ತವೆ. ನಾಲ್ಕೂ ಇವೆ. ಆದ್ರೆ ಬಲಗಡೆಗಿಂತ ಎಡಗಡೆದು ಸ್ವಲ್ಪ ಚಿಕ್ಕದು ಅನ್ನಿಸ್ತಿದೆ."

"ಚಿಕ್ಕದು ಅಂದ್ರೆ?"

"ಸ್ವಲ್ಪ."

"ಸ್ವಲ್ಪ ಅಂದ್ರೆ ಪರವಾಗಿಲ್ವಾ?"

ಡಾಕ್ಟರಮ್ಮ ದೀಪ ಹಾಕಿದರು. "ಪರವಾಗಿಲ್ಲ ಅಂತಾನೂ ನಾನು ಹೇಳಲ್ಲ, ಗಾಬರಿ ಆಗಿ ಅಂತಾನೂ ಹೇಳಲ್ಲ. ಮಕ್ಕಳ ಹೃದಯ ನೋಡೋ ಡಾಕ್ಟ್ರು ದೊಡ್ಡಾಸ್ಪತ್ರೇಲಿ ಇದಾರೆ. ಅವರ ಹತ್ರ ಒಮ್ಮೆ ತೋರಿಸಿಬಿಡಿ. ಅಂದ ಹಾಗೆ, ನಿಮ್ಮಿಬ್ಬರ ಮನೇಲಿ ಯಾರಿಗಾದ್ರೂ ಹೃದಯದ ತೊಂದರೆ ಇತ್ತಾ? ಚಿಕ್ಕ ವಯಸ್ಸಲ್ಲಿ ಯಾರಾದ್ರೂ ಹಠಾತ್ತಾಗಿ ಹೋಗಿದ್ದು?"

"ನಮ್ಮಲ್ಲಿ ಯಾರೂ ಇಲ್ಲ" ಅಂದರು ಮೇಷ್ಟ್ರು ತಕ್ಷಣ. ಹೆಂಡತಿ ಸ್ವಲ್ಪ ಯೋಚಿಸಿ, ತನ್ನ ಸೋದರಮಾವ ನಲವತ್ತು ದಾಟುವ ಮೊದಲೇ ಹೋದರು, ಯಾಕೆಂದು ಗೊತ್ತಿಲ್ಲ ಅಂದಳು. ಹೊಟ್ಟೆಯ ಮೇಲಿನ ಜೆಲ್ಲು ಒರೆಸಿಕೊಳ್ಳುತ್ತ ಅವಳು ಹೇಳಿದ ಆ ಮಾತು ಮೇಷ್ಟ್ರ ತಲೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು.

ದೊಡ್ಡಾಸ್ಪತ್ರೆಯ ಹೃದಯದ ಡಾಕ್ಟರು ಉದ್ದನೆಯ ಆಳು, ಮೃದು ದನಿ. ಅವರು ಇನ್ನೂ ಹೆಚ್ಚು ಹೊತ್ತು ನೋಡಿದರು. ಆಮೇಲೆ ಇಬ್ಬರನ್ನೂ ಕೂರಿಸಿಕೊಂಡು, ಬಿಳಿ ಹಾಳೆಯ ಮೇಲೆ ಊರುಗೋಲಿನ ಹಿಡಿಯಂತೆ ಬಾಗಿದ ಒಂದು ಕೊಳವೆ ಬರೆದರು.

"ಇದು ಹೃದಯದಿಂದ ಮೈಗೆಲ್ಲ ರಕ್ತ ಒಯ್ಯೋ ದೊಡ್ಡ ರಕ್ತನಾಳ. ಈ ಬಾಗಿದ ಜಾಗದಲ್ಲಿ ಇಕ್ಕಟ್ಟು ಇರಬಹುದು ಅಂತ ನನ್ನ ಅನುಮಾನ."

"ಇದೆಯಾ?"

"ಇರಬಹುದು."

"ಯಾವಾಗ ಗೊತ್ತಾಗುತ್ತೆ?"

"ಹುಟ್ಟಿದ ಮೇಲೇ ಗೊತ್ತಾಗೋದು." ಡಾಕ್ಟರು ಆ ಕೊಳವೆಯ ಪಕ್ಕ ಇನ್ನೊಂದು ಸಣ್ಣ ಕೊಳವೆ ಸೇರಿಸಿದರು. "ಹೊಟ್ಟೇಲಿರೋ ಮಗುಗೆ ಇಲ್ಲೊಂದು ಒಳದಾರಿ ಇರುತ್ತೆ. ಮುಖ್ಯ ರಸ್ತೆ ಇಕ್ಕಟ್ಟಾಗಿದ್ರೂ ರಕ್ತ ಇದರಲ್ಲಿ ಹಾದು ಹೋಗಿಬಿಡುತ್ತೆ, ಮಗುಗೆ ಏನೂ ಆಗಲ್ಲ. ಹುಟ್ಟಿದ ಕೆಲವು ದಿನಕ್ಕೆ ಈ ಒಳದಾರಿ ತಾನಾಗೇ ಮುಚ್ಚಿಕೊಳ್ಳುತ್ತೆ. ಎಲ್ಲ ಮಕ್ಕಳಿಗೂ ಅಷ್ಟೇ. ಆಗ ಮುಖ್ಯ ರಸ್ತೆ ಅಗಲವಾಗಿದ್ರೆ ಏನೂ ತೊಂದರೆ ಇಲ್ಲ. ಇಕ್ಕಟ್ಟಿದ್ರೆ ಕೆಳಗಿನ ಅರ್ಧ ಮೈಗೆ ರಕ್ತ ಹೋಗಲ್ಲ. ಆಗ ಔಷಧಿ ಕೊಟ್ಟು ಒಳದಾರೀನ ತೆರೆದಿಟ್ಟು, ಆಪರೇಷನ್ ಮಾಡ್ಬೇಕಾಗುತ್ತೆ."

ಮೇಷ್ಟ್ರು ಚಿತ್ರ ನೋಡಿದರು. ಹೆಂಡತಿಯ ಮುಖ ನೋಡಿದರು. "ಹಾಗಾದ್ರೆ ಈಗ ನೋಡಿ ಏನ್ ಪ್ರಯೋಜನ ಆಯ್ತು ಸಾರ್? ಹುಟ್ಟಿದ ಮೇಲೇ ಗೊತ್ತಾಗೋದಾದ್ರೆ ಹುಟ್ಟಿದ ಮೇಲೇ ನೋಡ್ಬಹುದಿತ್ತಲ್ಲ?"

ಡಾಕ್ಟರು ಸಿಟ್ಟಾಗಲಿಲ್ಲ. "ಇಂಥ ಮಗು ಹುಟ್ಟಿದಾಗ ಕೆಂಪು ಕೆಂಪಗೆ ಚೆನ್ನಾಗೇ ಇರುತ್ತೆ. ಅಳುತ್ತೆ, ಹಾಲು ಕುಡಿಯುತ್ತೆ. ಎಲ್ಲರೂ ಖುಷಿಯಾಗಿ ಮನೆಗೆ ಕರ್ಕೊಂಡು ಹೋಗ್ತಾರೆ. ಒಳದಾರಿ ಮುಚ್ಚಿಕೊಳ್ಳೋದು ಮನೇಲಿ. ಏನಾಯ್ತು ಅಂತ ತಿಳಿಯೋ ಹೊತ್ತಿಗೆ ಕೆಲವು ಸಲ ತಡವಾಗಿರುತ್ತೆ. ಈಗ ಅನುಮಾನ ಬಂದಿದೆಯಲ್ಲ, ಮಗು ಇಲ್ಲೇ ಹುಟ್ಟಲಿ, ಒಂದಿಷ್ಟು ದಿನ ನಮ್ಮ ಕಣ್ಣೆದುರಿಗೆ ಇರಲಿ. ಇಷ್ಟೇ ಇದರ ಪ್ರಯೋಜನ. ಇಂಥ ಅನುಮಾನ ಇಟ್ಕೊಂಡು ನೋಡಿದ ಎಷ್ಟೋ ಮಕ್ಕಳಿಗೆ ಆಮೇಲೆ ಏನೂ ಇರಲ್ಲ. ಅದೂ ನಿಮಗೆ ಗೊತ್ತಿರಲಿ."

ಮೇಷ್ಟ್ರು ಆ ಹಾಳೆಯನ್ನು ಕೇಳಿ ಪಡೆದುಕೊಂಡರು. ಬಸ್ಸಿನಲ್ಲಿ ಅದನ್ನು ಬಿಡಿಸಿ ನೋಡಿದರೆ ಮೇಲು ಕೆಳಗು ತಿಳಿಯಲಿಲ್ಲ.

ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. ಜೀವಮಾನವೆಲ್ಲ ಟಿಕೆಟ್ ಕೌಂಟರಿನ ಕಿಂಡಿಯಲ್ಲಿ ಸೀಟು ಇದೆ, ಸೀಟು ಇಲ್ಲ ಎಂದು ಹೇಳಿ ನಿವೃತ್ತಳಾದವಳು. ಅವಳಿಗೆ ನಡುವಿನ ಮಾತು ಒಗ್ಗುವುದಿಲ್ಲ.

"ಇದೆಯೋ ಇಲ್ವೋ ಪುಟ್ಟಾ?" ತಲೆ ನರೆತ ತಮ್ಮ ಅವಳಿಗೆ ಇನ್ನೂ ಪುಟ್ಟ.

"ಇರಬಹುದಂತೆ ಅಕ್ಕ."

"ಹಾಗಂದ್ರೇನು? ವೇಟಿಂಗ್ ಲಿಸ್ಟಾ?"

ಮೇಷ್ಟ್ರು ತಮಗೆ ತಿಳಿದಷ್ಟನ್ನು ಹೇಳಲು ಹೋದರು. ಊರುಗೋಲು, ಇಕ್ಕಟ್ಟು, ಒಳದಾರಿ ಎಂದು ಶುರು ಮಾಡಿ, ಮುಚ್ಚಿಕೊಂಡರೆ ಒಳ್ಳೆಯದೋ ತೆರೆದಿದ್ದರೆ ಒಳ್ಳೆಯದೋ ಎಂಬಲ್ಲಿಗೆ ಬಂದು ಎಡವಿದರು. ಎಲ್ಲ ಮಕ್ಕಳಿಗೂ ಮುಚ್ಚಬೇಕು. ಆದರೆ ತಮ್ಮ ಮಗುವಿಗೆ ಮುಚ್ಚಿದರೆ ಕಷ್ಟ. ಆದರೆ ಮುಚ್ಚದೆ ಗೊತ್ತಾಗುವುದಿಲ್ಲ. ಹೇಳುತ್ತ ಹೇಳುತ್ತ ತಾವು ಏನನ್ನು ಬಯಸಬೇಕೆಂಬುದೇ ಅವರಿಗೆ ಮರೆತುಹೋಯಿತು.

ಅಕ್ಕ ಎಲ್ಲವನ್ನೂ ಕೇಳಿ ಒಂದು ತೀರ್ಮಾನಕ್ಕೆ ಬಂದಳು. "ಇಡೀ ದಿನ ಆ ಗಾಜು ಅರೆಯೋ ಮಿಷನ್ ಮುಂದೆ ನಿಂತ್ಕೊಂಡ್ರೆ ಇನ್ನೇನಾಗುತ್ತೆ? ಮೈಯೆಲ್ಲ ನಡುಗಿ ನಡುಗಿ ಮಗು ಒಳಗೆ ಮುದುರಿಕೊಂಡಿದೆ. ಇಲ್ಲಾಂದ್ರೆ ಅವಳ ಸೋದರಮಾವನ ಕಡೆಯಿಂದ ಬಂದಿರ್ಬೇಕು. ನಮ್ಮನೇಲಂತೂ ಇಂಥದ್ದು ಕಂಡಿಲ್ಲ, ಕೇಳಿಲ್ಲ."

ಒಳಗೆ ಬಟ್ಟೆ ಮಡಚುತ್ತಿದ್ದ ಹೆಂಡತಿಗೆ ಇದು ಕೇಳಿಸಿತು. ಅವಳು ಹೊರಗೆ ಬರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಮೇಷ್ಟ್ರೇ, "ನಿನ್ನ ಸೋದರಮಾವ ಹೇಗೆ ಹೋದ್ರು ಅಂತ ನಿಮ್ಮಮ್ಮನ್ನ ಒಂದ್ಸಲ ಕೇಳಿ ನೋಡಬಾರ್ದಾ?" ಅಂದರು.

"ಯಾಕೆ?"

"ಸುಮ್ನೆ. ಡಾಕ್ಟ್ರು ಕೇಳಿದ್ರಲ್ಲ."

"ಗೊತ್ತಾದ್ರೆ ಮಗು ಸರಿ ಹೋಗುತ್ತಾ?"

ಆದರೂ ಅವಳು ಮರುದಿನ ತಾಯಿಯನ್ನು ಕೇಳಿದಳು. ಕುಡಿದು ಕುಡಿದು ಹೋದನಮ್ಮ, ಹೃದಯಕ್ಕೇನೂ ಆಗಿರಲಿಲ್ಲ, ಅದು ಕಲ್ಲಾಗಿತ್ತು ಎಂದು ತಾಯಿ ಹೇಳಿದ್ದನ್ನು ಗಂಡನಿಗೆ ಹಾಗೆಯೇ ಒಪ್ಪಿಸಿದಳು. ಮೇಷ್ಟ್ರಿಗೆ ಸಮಾಧಾನವಾಗಬೇಕಿತ್ತು. ಹಾಗಾದರೆ ಎಲ್ಲಿಂದ ಬಂತು ಎಂಬ ಪ್ರಶ್ನೆ ಮಾತ್ರ ಇನ್ನೂ ದೊಡ್ಡದಾಯಿತು.

ಆ ದಿನಗಳಲ್ಲಿ ಕೊಳದ ದಡದಲ್ಲಿ ನಿಂತರೆ ಅವರಿಗೆ ಮಕ್ಕಳ ಎದೆಗಳೇ ಕಾಣುತ್ತಿದ್ದವು. ಸಣ್ಣ ಸಣ್ಣ ಪಕ್ಕೆಲುಬುಗಳ ಹಿಂದೆ ಏನೇನಿದೆಯೋ ಎಂದು ನೋಡುತ್ತ ಪೀಪಿ ಊದುವುದನ್ನೇ ಮರೆಯುವರು. ಒಂದು ಸಂಜೆ, ಚಿಕ್ಕವರ ಗುಂಪಿನಲ್ಲಿ ಚಟಪಟ ಮಾತಾಡುವ ಒಂದು ಹುಡುಗಿಯ ಎದೆಯ ನಡುವೆ, ಈಜುಡುಗೆಯ ಕೊರಳಿನಿಂದ ಮೇಲಕ್ಕೆ ಇಣುಕುವ ಬಿಳಿ ಗೆರೆ ಕಣ್ಣಿಗೆ ಬಿತ್ತು. ಕ್ಲಾಸು ಮುಗಿದ ಮೇಲೆ ಟವೆಲ್ಲು ಹಿಡಿದು ನಿಂತಿದ್ದ ಅವಳ ತಾಯಿಯ ಬಳಿ ಹೋಗಿ ತಡವರಿಸುತ್ತ ಕೇಳಿದರು.

"ಹಾರ್ಟ್ ಆಪರೇಷನ್ ಸಾರ್. ಸೇರಿಸುವಾಗಲೇ ಹೇಳಿದ್ನಲ್ಲ? ನೀವೇ 'ನೀರಿಗೆ ಅದೆಲ್ಲ ಗೊತ್ತಾಗಲ್ಲಮ್ಮ, ಇಳಿಸಿ' ಅಂದ್ರಿ."

ಮೇಷ್ಟ್ರಿಗೆ ನೆನಪಿರಲಿಲ್ಲ. "ರಸ್ತೆ ಇಕ್ಕಟ್ಟಿತ್ತಾ?"

"ಯಾವ ರಸ್ತೆ?"

"ಊರುಗೋಲಿನ ಥರ ಬಾಗಿರೋದು..."

"ಇಲ್ಲಪ್ಪ, ಇವಳದ್ದು ಗೋಡೇಲಿ ತೂತು. ಮುಚ್ಚಿದ್ರು. ಈಗ ನೋಡಿ, ಬಾಯಿ ಮುಚ್ಚಿಸೋದೇ ಕಷ್ಟ."

ಹುಡುಗಿ ಟವೆಲ್ಲಿನೊಳಗಿಂದ ಮೂತಿ ಹೊರಹಾಕಿ ಮೇಷ್ಟ್ರಿಗೆ ನಾಲಿಗೆ ತೋರಿಸಿದಳು. ಅವಳನ್ನು ನೋಡಿ ಧೈರ್ಯ ತಂದುಕೊಳ್ಳೋಣವೆಂದರೆ ಅವಳದ್ದು ಬೇರೆ, ತಮ್ಮದು ಬೇರೆ. ತಮ್ಮದು ಯಾವುದು ಎಂದು ಹೇಳುವವರೇ ಇಲ್ಲ.

ಮುಂದಿನ ತಪಾಸಣೆಯಲ್ಲಿ ಹೃದಯದ ಡಾಕ್ಟರು, "ಎಡಗಡೆ ಬಲಗಡೆ ಅಂತರ ಮೊದಲಿಗಿಂತ ಕಮ್ಮಿ ಅನ್ನಿಸ್ತಿದೆ. ಆದ್ರೂ ಅನುಮಾನ ಹೋಗಿಲ್ಲ" ಅಂದರು. ಅದರ ಮುಂದಿನದರಲ್ಲಿ, "ಹಾಗೇ ಇದೆ" ಅಂದರು. ಹೊರಗೆ ಬಂದು ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತಾಗ ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಇಷ್ಟು ದೊಡ್ಡ ಮಿಷನ್ ಇಟ್ಕೊಂಡು ಒಂದು ಮಾತು ಖಚಿತವಾಗಿ ಹೇಳಕ್ಕಾಗಲ್ವಾ ಇವರಿಗೆ? ಇದೆ ಅನ್ಲಿ, ತಡ್ಕೋತೀನಿ. ಇಲ್ಲ ಅನ್ಲಿ, ಮಲಗ್ತೀನಿ."

ಹೆಂಡತಿ ಊದಿದ ಪಾದಗಳನ್ನು ಚಪ್ಪಲಿಯಿಂದ ಬಿಡಿಸಿ ನೆಲದ ಮೇಲಿಟ್ಟುಕೊಂಡಿದ್ದಳು. "ನಮ್ಮಂಗಡೀಲಿ ಕಣ್ಣು ಪರೀಕ್ಷೆಗೆ ಬಂದವರಿಗೆ ಎರಡು ಗಾಜು ಹಾಕಿ, ಇದು ಚೆನ್ನಾಗಿ ಕಾಣುತ್ತಾ ಅದಾ ಅಂತ ಕೇಳ್ತೀವಿ. ಕೊನೆಕೊನೆಗೆ ಎರಡೂ ಒಂದೇ ಥರ ಕಾಣುತ್ತೆ. ಕೆಲವರು ಮರ್ಯಾದೆ ಹೋಗುತ್ತೆ ಅಂತ ಏನೋ ಒಂದು ಹೇಳಿಬಿಡ್ತಾರೆ. ಆಮೇಲೆ ತಲೆನೋವು ಅಂತ ಕನ್ನಡಕ ವಾಪಸ್ ತರ್ತಾರೆ. ಗೊತ್ತಾಗ್ತಿಲ್ಲ ಅಂತ ಹೇಳೋ ಡಾಕ್ಟ್ರೇ ಇರಲಿ ಬಿಡಿ ನಂಗೆ."

"ನಿಂಗೆ ಹೆದರಿಕೆ ಆಗ್ತಿಲ್ವಾ?"

"ಆಗ್ತಿದೆ" ಅಂದಳು ಅವಳು, ಬಸ್ಸು ಬರುವ ದಿಕ್ಕನ್ನೇ ನೋಡುತ್ತ. "ನಿಮಗೆ ಹೇಳಿದ್ರೆ ನಿಮ್ಮದನ್ನೂ ಸೇರಿಸಿ ನಾನೇ ಹೊರ್ಬೇಕಾಗುತ್ತೆ. ಅದಕ್ಕೆ ಸುಮ್ನಿದೀನಿ."

ಹೆರಿಗೆ ಎಲ್ಲಿ ಎಂಬ ಮಾತು ಎದ್ದಾಗ ಅಕ್ಕ ತನ್ನ ಪಟ್ಟು ಬಿಡಲಿಲ್ಲ. ಬೀದಿಯ ಕೊನೆಯಲ್ಲೇ ನರ್ಸಿಂಗ್ ಹೋಮ್ ಇದೆ, ಅಲ್ಲಿಯ ಹಿರಿಯ ನರ್ಸು ತನ್ನ ಗೆಳತಿ, ಬಿಸಿನೀರು ಕೇಳಿದ ಕೂಡಲೇ ಸಿಗುತ್ತದೆ. ದೊಡ್ಡಾಸ್ಪತ್ರೆಯಲ್ಲಿ ನಮ್ಮನ್ನು ಯಾರು ಕೇಳುತ್ತಾರೆ? ಇರಬಹುದು ಅನ್ನುವ ಮಾತಿಗೆ ಯಾರಾದರೂ ಊರಾಚೆಗೆ ಹೋಗಿ ಹೆರುತ್ತಾರೆಯೇ? ಮೇಷ್ಟ್ರು ಅಕ್ಕನೆದುರು ಯಾವತ್ತೂ ಇಲ್ಲ ಅಂದವರಲ್ಲ. ಹೂಂ ಅಂದರು. ಹೆಂಡತಿ ದೊಡ್ಡಾಸ್ಪತ್ರೆ ಎಂದಾಗಲೂ ಹೂಂ ಅಂದರು. ಎರಡೂ ಕಡೆ ಹೋಗಿ ಹೆಸರು ಬರೆಸಿ ಬಂದರು. ದಿನ ಹತ್ತಿರ ಬಂದಾಗ ಯಾವುದೋ ಒಂದು ಹೊಳೆಯುತ್ತದೆ ಎಂದು ನಂಬಿಕೊಂಡರು. ಹೊಳೆಯಲಿಲ್ಲ.

ನೋವು ಶುರುವಾದದ್ದು ಅಂಗಡಿಯಲ್ಲಿ, ಹಗಲು ಹೊತ್ತಿನಲ್ಲಿ. ಫೋನು ಬಂದಾಗ ಮೇಷ್ಟ್ರು ನೀರಿನಲ್ಲಿದ್ದರು. ತೊಟ್ಟಿಕ್ಕುವ ಚಡ್ಡಿಯ ಮೇಲೆಯೇ ಪ್ಯಾಂಟು ಏರಿಸಿ, ಪೀಪಿ ಕೊರಳಲ್ಲಿಯೇ ನೇತಾಡುತ್ತಿರಲು, ಟ್ಯಾಕ್ಸಿ ಹಿಡಿದು ಅಂಗಡಿಗೆ ಬಂದರು. ಅಷ್ಟರಲ್ಲಿ ಅಕ್ಕನೂ ಎಲ್ಲಿಂದಲೋ ಪ್ರತ್ಯಕ್ಷಳಾಗಿ, ಒಂದು ಬ್ಯಾಗಿನೊಡನೆ ಮುಂದಿನ ಸೀಟಿನಲ್ಲಿ ಕೂತಾಗಿತ್ತು. ಬೀದಿ ಎರಡಾಗುವ ಸಿಗ್ನಲ್ಲಿನಲ್ಲಿ ಡ್ರೈವರು ಕತ್ತು ತಿರುಗಿಸಿ, "ಯಾವ ಕಡೆ ಸಾರ್?" ಅಂದ.

"ಎಡಕ್ಕೆ" ಅಂದಳು ಅಕ್ಕ.

ಡ್ರೈವರು ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಒಮ್ಮೆ ಅಕ್ಕನ ಕಡೆ, ಒಮ್ಮೆ ಹೆಂಡತಿಯ ಕಡೆ ನೋಡಿದರು. ಹಿಂದಿನ ಗಾಡಿಗಳು ಹಾರ್ನು ಹೊಡೆಯತೊಡಗಿದವು. ಹೆಂಡತಿ ನೋವಿನ ಒಂದು ಅಲೆ ಇಳಿಯುವವರೆಗೆ ಕಣ್ಣು ಮುಚ್ಚಿಕೊಂಡಿದ್ದು, ಆಮೇಲೆ ತೆರೆದು, "ಬಲಕ್ಕೆ ಹೋಗಪ್ಪ. ದೊಡ್ಡಾಸ್ಪತ್ರೆ. ಅಕ್ಕಾ, ನೀವು ಬರೋದಾದ್ರೆ ಬನ್ನಿ, ಇಲ್ಲಾಂದ್ರೆ ಇಳಿದುಬಿಡಿ" ಅಂದಳು. ಅವಳು ಅಕ್ಕನೊಡನೆ ಹಾಗೆ ಮಾತಾಡಿದ್ದು ಅದೇ ಮೊದಲು. ಅಕ್ಕ ಬ್ಯಾಗನ್ನು ಎದೆಗವಚಿಕೊಂಡಳು, ಇಳಿಯಲಿಲ್ಲ.

ಸಂಜೆಗೆ ಹೆಣ್ಣು ಮಗು ಹುಟ್ಟಿತು. ಕೆಂಪಗೆ, ದುಂಡಗೆ, ಇಡೀ ವಾರ್ಡು ಕೇಳುವ ಹಾಗೆ ಅರಚಿತು. ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಆ ಕೂಡಲೇ, ಹುಟ್ಟಿದಾಗ ಚೆನ್ನಾಗೇ ಇರುತ್ತದೆ ಎಂಬ ಡಾಕ್ಟರ ಮಾತು ನೆನಪಾಗಿ ಆ ನೀರು ಯಾವ ಬಗೆಯದು ಎಂದು ಅವರಿಗೇ ತಿಳಿಯದಾಯಿತು. ಚೆನ್ನಾಗಿಲ್ಲದಿದ್ದರೆ ಅಳಬಹುದಿತ್ತು. ಚೆನ್ನಾಗಿರುವುದನ್ನು ನಂಬುವ ಹಾಗಿಲ್ಲ.

ಮಗುವನ್ನು ಗಾಜಿನ ತೊಟ್ಟಿಲಿನಲ್ಲಿಟ್ಟು, ಬಲಗೈಗೊಂದು ಪಾದಕ್ಕೊಂದು ರಕ್ತದ ಆಮ್ಲಜನಕ ಅಳೆಯುವ ಸಣ್ಣ ಪಟ್ಟಿ ಸುತ್ತಿದರು. ಕೈಯ ಲೆಕ್ಕ, ಕಾಲಿನ ಲೆಕ್ಕ ಎರಡೂ ಪರದೆಯ ಮೇಲೆ ಬರುತ್ತಿದ್ದವು. ಎರಡೂ ಹೆಚ್ಚುಕಡಿಮೆ ಸಮನಾಗಿದ್ದರೆ ಒಳ್ಳೆಯದು ಎಂದು ನರ್ಸು ಹೇಳಿಕೊಟ್ಟಳು. ಮೇಷ್ಟ್ರು ಆ ಪರದೆಯಿಂದ ಕಣ್ಣು ಕೀಳಲಿಲ್ಲ. ಮಗು ಕಾಲು ಝಾಡಿಸಿದರೆ ಪಟ್ಟಿ ಸಡಿಲವಾಗಿ ಅಂಕಿ ಕೆಳಗೆ ಬೀಳುವುದು. ಇವರು ಓಡಿಹೋಗಿ ನರ್ಸನ್ನು ಕರೆಯುವರು. ಅವಳು ಬಂದು ಪಟ್ಟಿ ಬಿಗಿದು, "ಸಾರ್, ಅದು ಮಗು, ಒದೆಯುತ್ತೆ" ಎಂದು ಹೇಳಿ ಹೋಗುವಳು. ದಿನಕ್ಕೆ ಹಲವು ಸಲ ಡಾಕ್ಟರುಗಳು ಬಂದು ಮಗುವಿನ ತೊಡೆಯ ಸಂದಿಯಲ್ಲಿ ಎರಡು ಬೆರಳಿಟ್ಟು ನಾಡಿ ನೋಡುವರು. ಒಬ್ಬರು "ಚೆನ್ನಾಗಿ ಸಿಗ್ತಿದೆ" ಅಂದರೆ ಪಾಳಿ ಬದಲಾಗಿ ಬಂದ ಇನ್ನೊಬ್ಬರು "ಸ್ವಲ್ಪ ನಿಧಾನ ಸಿಕ್ತು, ನೋಡೋಣ" ಅನ್ನುವರು. ಅಕ್ಕ ಬಾಗಿಲ ಹೊರಗಿನಿಂದ ಸನ್ನೆಯಲ್ಲೇ ಏನಂತೆ ಎಂದು ಕೇಳುವಳು. ಮೇಷ್ಟ್ರು ಎರಡೂ ಕೈ ಅಗಲಿಸುವರು.

ಒಳದಾರಿ ಮುಚ್ಚಿಕೊಂಡಿತು ಎಂದು ಹೃದಯದ ಡಾಕ್ಟರು ಹೇಳಿದ ದಿನ ಮೇಷ್ಟ್ರು ಹೆಂಡತಿಯ ಮಂಚದ ಪಕ್ಕ ನಿಂತಿದ್ದರು. ಅವಳು ಅವರ ಅಂಗಿಯ ತೋಳು ಹಿಡಿದುಕೊಂಡಳು.

"ರಸ್ತೆ?" ಅಂದರು ಮೇಷ್ಟ್ರು.

"ಅಗಲವಾಗಿದೆ. ಇಕ್ಕಟ್ಟಿಲ್ಲ. ಕಾಲಿಗೂ ಕೈಗೂ ರಕ್ತ ಸಮನಾಗಿ ಹೋಗ್ತಿದೆ." ಡಾಕ್ಟರು ನಕ್ಕರು. ಎಲ್ಲರೂ ನಗುವ ಹೊತ್ತಿಗೆ, "ಇನ್ನೊಂದು ಸಣ್ಣ ವಿಷಯ" ಅಂದರು. "ಆ ರಕ್ತನಾಳದ ಬಾಯಲ್ಲಿ ಒಂದು ಕವಾಟ ಇರುತ್ತೆ. ಅದಕ್ಕೆ ಮೂರು ಎಸಳು ಇರ್ಬೇಕು. ನಿಮ್ಮ ಮಗಳಿಗೆ ಎರಡೇ ಇದೆ. ಈಗ ಅದರಿಂದ ಏನೂ ತೊಂದರೆ ಇಲ್ಲ. ಎಷ್ಟೋ ಜನ ಹಾಗೇ ಹುಟ್ಟಿ ಹಾಗೇ ಮುದುಕರಾಗ್ತಾರೆ. ವರ್ಷಕ್ಕೊಂದ್ಸಲ ನೋಡ್ತಿರೋಣ. ಆದ್ರೆ ಇದು ಮನೆತನದಲ್ಲಿ ಬರೋದುಂಟು. ನೀವಿಬ್ಬರೂ ಒಂದು ಎಕೋ, ಅಂದ್ರೆ ಹೃದಯದ ಸ್ಕ್ಯಾನ್, ಮಾಡಿಸ್ಕೊಂಡುಬಿಡಿ."

ಹುಡುಕಿದ್ದು ಇರಲಿಲ್ಲ. ಹುಡುಕದಿದ್ದದ್ದು ಸಿಕ್ಕಿತು. ಖುಷಿಪಡಬೇಕೋ ಬೇಡವೋ ಎಂದು ಮೇಷ್ಟ್ರು ಹೆಂಡತಿಯ ಮುಖ ನೋಡಿದರೆ ಅವಳು ಮಗುವಿಗೆ ಹಾಲು ಕೊಡಲು ಆಗಲೇ ಪಕ್ಕಕ್ಕೆ ತಿರುಗಿದ್ದಳು.

ಹೆಂಡತಿಯ ಕವಾಟದಲ್ಲಿ ಮೂರು ಎಸಳಿದ್ದವು. ಮೇಷ್ಟ್ರು ಅಂಗಿ ಕಳಚಿ ಎಡಮಗ್ಗುಲಿಗೆ ಮಲಗಿದಾಗ, "ನಂದು ನೋಡೋ ಅಗತ್ಯಾನೇ ಇಲ್ಲ, ದಿನಾ ಈಜೋನು" ಎಂದು ತಮಾಷೆ ಮಾಡಿದರು. ಎಕೋ ಮಾಡುವಾಕೆ ನಗಲಿಲ್ಲ. ಒಂದೇ ಜಾಗದಲ್ಲಿ ಕೈ ನಿಲ್ಲಿಸಿದಳು. ಮೇಷ್ಟ್ರಿಗೆ ಆ ಮೌನದ ಪರಿಚಯವಿತ್ತು.

ದೊಡ್ಡವರ ಹೃದಯದ ಡಾಕ್ಟರು ಬೇರೆ, ಅವರ ಕೋಣೆಯೂ ಬೇರೆ. ಅವರೂ ಒಂದು ಚಿತ್ರ ಬರೆದರು. ಎಸಳು ಎರಡು. ಒಂದಿಷ್ಟು ಸೋರಿಕೆ. ರಕ್ತನಾಳ ಅಲ್ಲಿ ಸ್ವಲ್ಪ ಅಗಲವಾಗಿದೆ. "ಇಕ್ಕಟ್ಟಾ?" ಎಂದು ಮೇಷ್ಟ್ರು ಅಭ್ಯಾಸಬಲದಿಂದ ಕೇಳಿದರು. "ಅಲ್ಲ, ಅಗಲ" ಅಂದರು ಡಾಕ್ಟರು. ಇಷ್ಟು ತಿಂಗಳು ಅಗಲವಾಗಿರಲಿ ಎಂದು ಬೇಡಿಕೊಂಡದ್ದು ಮಗಳಿಗೆ. ಇಲ್ಲಿ ಅಗಲವಾಗಿರುವುದೇ ತೊಂದರೆ. ಈಜಬಹುದು, ಪಾಠ ಹೇಳಬಹುದು, ಭಾರ ಎತ್ತಬಾರದು, ಉಸಿರು ಬಿಗಿಹಿಡಿದು ಪಂತ ಕಟ್ಟಬಾರದು, ವರ್ಷಕ್ಕೊಮ್ಮೆ ಬರಬೇಕು. ಯಾವತ್ತೋ ಒಂದು ದಿನ ಆಪರೇಷನ್ ಬೇಕಾಗಬಹುದು. ಬೇಕಾಗದೆಯೂ ಇರಬಹುದು.

"ನಿಮ್ಮ ತಂದೆಗೆ ಹೇಗಿತ್ತು?"

"ಅವರು ಏಣಿಯಿಂದ ಬಿದ್ದು ಹೋದ್ರು" ಎಂದು ಹೇಳಿ ಮೇಷ್ಟ್ರು ಹೊರಗೆ ಬಂದರು. ಜಗಲಿಯಲ್ಲಿ ಅಕ್ಕ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಇವರು ಎಲ್ಲವನ್ನೂ ಹೇಳಿದರು. ಅಕ್ಕ ಬಹಳ ಹೊತ್ತು ಮಗುವಿನ ಟೋಪಿ ಸರಿಮಾಡಿದಳು, ಅದು ಸರಿಯಾಗಿಯೇ ಇತ್ತು.

"ಅಪ್ಪನ ಜೊತೆ ಕೆಲಸ ಮಾಡ್ತಿದ್ದವನೊಬ್ಬ ಅವತ್ತು ಒಂದು ಮಾತು ಹೇಳಿದ್ದ ಪುಟ್ಟಾ. ಬೀಳೋಕೆ ಮೊದಲು ಬ್ರಷ್ಷು ಬಿಟ್ಟು ಎದೆ ಹಿಡ್ಕೊಂಡ್ರು ಅಂತ. ನಾನು ಕಿವಿ ಮೇಲೆ ಹಾಕ್ಕೊಳ್ಳಲಿಲ್ಲ. ಏಣಿ ಅಲ್ಲಿತ್ತು, ಅಪ್ಪ ಕೆಳಗಿದ್ರು. ಇನ್ನೇನು ಕೇಳೋದು?" ಅಂದಳು ಅಕ್ಕ. "ಬಿದ್ದಿದ್ದಕ್ಕೆ ಹೋದ್ರೋ, ಹೋಗಿದ್ದಕ್ಕೆ ಬಿದ್ರೋ, ಯಾರಿಗೆ ಗೊತ್ತು?"

ಅದು ಈಗ ಯಾರಿಗೂ ಗೊತ್ತಾಗುವಂತಿರಲಿಲ್ಲ. ಹೆಂಡತಿ ಔಷಧಿ ಅಂಗಡಿಯಿಂದ ಬಂದು ಇಬ್ಬರ ಮುಖವನ್ನೂ ನೋಡಿ ಮಗುವನ್ನು ಎತ್ತಿಕೊಂಡಳು. ಅಕ್ಕ ತಲೆ ತಗ್ಗಿಸಿಕೊಂಡೇ, "ಆ ಗಾಜಿನ ಮಿಷನ್ ವಿಷ್ಯ ನಾನು ಸುಮ್ನೆ ಅಂದಿದ್ದಮ್ಮ" ಅಂದಳು. "ಇರಲಿ ಬಿಡಿ ಅಕ್ಕ" ಅಂದಳು ಹೆಂಡತಿ. ಮರೆತಳೋ ಇಲ್ಲವೋ ಅವಳ ದನಿಯಲ್ಲಿ ತಿಳಿಯಲಿಲ್ಲ. ಮೇಷ್ಟ್ರಿಗೂ ಏನೋ ಹೇಳಬೇಕೆನಿಸಿತು. ಕುಡಿದು ಸತ್ತ ಆ ಸೋದರಮಾವನ ನೆನಪು ಬಂತು. ಹೇಳುವ ಬದಲು ಅವಳ ಕೈಯಲ್ಲಿದ್ದ ಚೀಲ ಇಸಿದುಕೊಂಡರು. ಭಾರ ಎತ್ತಬಾರದಲ್ಲವೇ ಎಂದು ಅವಳು ಅದನ್ನು ವಾಪಸು ತೆಗೆದುಕೊಂಡಳು. ಚೀಲದಲ್ಲಿದ್ದದ್ದು ಹತ್ತಿ ಮತ್ತು ಒಂದು ಬಾಟಲಿ.

ಈಗ ಮಗಳು ನಡೆಯುತ್ತಾಳೆ, ಬೀಳುತ್ತಾಳೆ, ಎದ್ದು ಇನ್ನೊಂದು ಕಡೆಗೆ ಹೋಗುತ್ತಾಳೆ. ಅಕ್ಕನೂ ಗೊಣಗುತ್ತ ಹೋಗಿ ಎಕೋ ಮಾಡಿಸಿಕೊಂಡು ಬಂದಳು. ಅವಳಿಗೆ ಮೂರೂ ಎಸಳಿವೆ. ಆಸ್ಪತ್ರೆಯವರು ತಂದೆ ಮಗಳಿಬ್ಬರಿಗೂ ಒಂದೇ ದಿನ ಬರಹೇಳುತ್ತಾರೆ: ಮಕ್ಕಳದ್ದು ಮೇಲಿನ ಮಹಡಿ, ದೊಡ್ಡವರದ್ದು ಕೆಳಗೆ. ಕಳೆದ ಸಲ ಮೇಷ್ಟ್ರು ಮಗಳ ಫೈಲು ಹಿಡಿದುಕೊಂಡು ಕೆಳಗಿನ ಕೌಂಟರಿಗೆ ಹೋದರು. ಅಲ್ಲಿದ್ದವಳು ಬಿಡಿಸಿ ನೋಡಿ, "ಎರಡು ಎಸಳು, ವಯಸ್ಸು ಒಂದು ವರ್ಷ. ಸಾರ್, ಇದು ನೀವಾ?" ಅಂದಳು. ಸಾಲಿನಲ್ಲಿದ್ದವರು ನಕ್ಕರು. ಮೇಷ್ಟ್ರೂ ನಕ್ಕರು. ನಕ್ಕು ಮೇಲೆ ಹೋಗಿ ಫೈಲು ಬದಲಾಯಿಸಿಕೊಂಡು ಬರುವಷ್ಟರಲ್ಲಿ ಅವರ ಸರದಿ ದಾಟಿಹೋಗಿತ್ತು.

ಕಾಯುತ್ತ ಕೂತಾಗ ಹೆಂಡತಿ ಮಗುವಿನೊಡನೆ ಇಳಿದು ಬಂದಳು. "ಅವಳದ್ದು ಹಾಗೇ ಇದೆಯಂತೆ. ಮುಂದಿನ ವರ್ಷ ಬನ್ನಿ ಅಂದ್ರು. ನಿಮಗೆ ಹೇಗನ್ನಿಸ್ತಿದೆ?"

ಮೇಷ್ಟ್ರು ನಿಜವಾಗಿಯೂ ಯೋಚಿಸಿದರು. ಮೈ ಏನೂ ಹೇಳುತ್ತಿರಲಿಲ್ಲ. ಎದೆ ತನ್ನ ಪಾಡಿಗೆ ಹೊಡೆದುಕೊಳ್ಳುತ್ತಿತ್ತು, ಹಸಿವಾಗುತ್ತಿತ್ತು, ಮಗಳು ಅವರ ಮೂಗು ಹಿಡಿದು ಎಳೆಯುತ್ತಿದ್ದಳು.

"ಏನನ್ನಿಸ್ಬೇಕು ಅಂತ ಗೊತ್ತಾಗ್ತಿಲ್ಲ ಕಣೆ" ಅಂದರು.

"ನಂಗೂ ಅಷ್ಟೇ" ಎಂದು ಅವಳು ಪಕ್ಕದ ಕುರ್ಚಿಯಲ್ಲಿ ಕೂತು, ಚೀಲದಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು ಮೂವರ ನಡುವೆ ಬಿಚ್ಚಿದಳು.